ತಾಮ್ರದ ತಗಡಿನ ಕವಿ: ವಿಲಿಯಂ ಬ್ಲೇಕ್

(ಸಾಹಿತ್ಯಾಸಕ್ತರ ಸಭೆಯೊಂದರಲ್ಲಿ ಚಿತ್ರಗಳನ್ನು ತೋರಿಸುತ್ತಾ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲಿರುವ ಹುಲಿಯನ್ನು ಒಮ್ಮೆ ನೋಡಿ. ಇದರ ಮೇಲಿರುವ ಪದ್ಯ ನಿಮ್ಮಲ್ಲಿ ಎಷ್ಟೋ ಜನಕ್ಕೆ ಕಾಲೇಜಿನಲ್ಲಿ ಪಾಠವಾಗಿತ್ತು. ರಾತ್ರಿಯ ಕಾಡಿನಲ್ಲಿ ಧಗಧಗ ಉರಿಯುವ ಹುಲಿ. ನಿನ್ನನ್ನು ಮಾಡಿದ ಕೈ ಯಾವುದು, ಸುತ್ತಿಗೆ ಯಾವುದು, ನಿನ್ನ ಮಿದುಳನ್ನು ಕಾಯಿಸಿದ ಕುಲುಮೆ ಯಾವುದು ಎಂದು ಕೇಳುತ್ತಾ ಹೋಗುವ ಪದ್ಯ. ಆರು ಚರಣ, ಬರೀ ಪ್ರಶ್ನೆಗಳು. ಒಂದಕ್ಕೂ ಉತ್ತರ ಇಲ್ಲ. ಗಟ್ಟಿಯಾಗಿ ಓದಿದರೆ ಮೈ ಜುಂ ಅನ್ನುತ್ತದೆ.

ಆಮೇಲೆ ಅದೇ ಹಾಳೆಯ ಕೆಳಗೆ ಕವಿಯೇ ಬಿಡಿಸಿದ ಹುಲಿಯನ್ನು ನೋಡಿದರೆ? ನೀವೀಗ ನಕ್ಕಿರಲ್ಲ, ಎಲ್ಲರೂ ನಗುತ್ತಾರೆ. ಬೊಂಬೆ ಅಂಗಡಿಯ ಹುಲಿ. ಕೆಲವು ಪ್ರತಿಗಳಲ್ಲಿ ಸ್ವಲ್ಪ ಗಾಬರಿಯಾದಂತಿದೆ, ಕೆಲವು ಪ್ರತಿಗಳಲ್ಲಿ ಹಲ್ಲು ಕಿರಿಯುವ ಹಾಗಿದೆ. ಹೆದರಿಕೆ ಮಾತ್ರ ಎಲ್ಲೂ ಹುಟ್ಟುವುದಿಲ್ಲ. ಬ್ಲೇಕ್‌ಗೆ ಚಿತ್ರ ಬರೆಯಲು ಬರುತ್ತಿರಲಿಲ್ಲವಾ? ಅವನ ಹೊಟ್ಟೆಪಾಡೇ ಚಿತ್ರ. ಹಾಗಿದ್ದರೆ ಇದು ಬೇಕೆಂದೇ ಮಾಡಿದ್ದು. ಪದ್ಯ ಒಂದು ಹೇಳುತ್ತದೆ, ಚಿತ್ರ ಅದಕ್ಕೆ ಎದುರು ಮಾತಾಡುತ್ತದೆ. ಪಠ್ಯಪುಸ್ತಕದಲ್ಲಿ ನಾವು ಓದಿದ್ದು ಈ ಜಗಳದ ಅರ್ಧ ಭಾಗ ಮಾತ್ರ. ನನಗೆ ಅನ್ನಿಸುವುದು ಇಷ್ಟು: ಪದ್ಯದಲ್ಲಿ ಮಾತಾಡುವವನು ಹೆದರಿದ್ದಾನೆ. ಅವನ ಹೆದರಿಕೆ ಅವನ ಕಣ್ಣಿನಲ್ಲಿದೆ. ಹುಲಿ ತನ್ನ ಪಾಡಿಗೆ ಮರದ ಕೆಳಗೆ ನಿಂತಿದೆ. ಇದನ್ನು ಒಪ್ಪದ ವಿದ್ವಾಂಸರು ಬೇಕಾದಷ್ಟು ಜನ ಇದ್ದಾರೆ, ಇರಲಿ.

ಬ್ಲೇಕ್ ಬಗ್ಗೆ ಮಾತು ಬಂದರೆ ಮೊದಲು ಬರುವುದು ಅವನ ದರ್ಶನಗಳ ಕಥೆ. ದೇವದೂತರನ್ನು ಕಂಡವನು, ಸತ್ತವರ ಜೊತೆ ಮಾತಾಡಿದವನು, ಅರೆಹುಚ್ಚ. ಆ ಕಥೆಗಳನ್ನು ನಾನೂ ಹೇಳುತ್ತೇನೆ, ಚೆನ್ನಾಗಿವೆ. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಅವನ ಕೈ ಬಗ್ಗೆ. ಅವನು ತಾಮ್ರದ ತಗಡಿನ ಮೇಲೆ ಕೆತ್ತುವ ಕೆಲಸಗಾರ. ಜೀವನಪೂರ್ತಿ ಆಸಿಡ್, ಶಾಯಿ, ಎಣ್ಣೆ ಮೆತ್ತಿದ ಕೈ. ಅವನು ಕಂಡದ್ದೆಲ್ಲ ಆ ಕೈಯ ಮೂಲಕವೇ ನಮಗೆ ಬಂದಿದೆ. ಆ ಕೆಲಸವನ್ನು ಬಿಟ್ಟು ಬರೀ ದರ್ಶನ ಹುಡುಕಿದರೆ ಬ್ಲೇಕ್ ಸಿಗುವುದಿಲ್ಲ.

ಅವನು ಹುಟ್ಟಿದ್ದು 1757 ರ ನವೆಂಬರ್ 28 ರಂದು, ಲಂಡನ್ನಿನ ಸೋಹೋದ ಬ್ರಾಡ್ ಸ್ಟ್ರೀಟಿನಲ್ಲಿ. ಅಪ್ಪ ಜೇಮ್ಸ್ ಕಾಲುಚೀಲ ಮಾರುವ ಅಂಗಡಿಯವನು. ಸರ್ಕಾರಿ ಚರ್ಚಿನ ಜೊತೆ ಅಷ್ಟಾಗಿ ಹೊಂದದ ಕುಟುಂಬ. ಹುಡುಗನ ಓದೆಲ್ಲ ಹೆಚ್ಚಾಗಿ ಮನೆಯಲ್ಲೇ, ಅದರಲ್ಲೂ ಬೈಬಲ್ ಜಾಸ್ತಿ. ನಾಲ್ಕು ವರ್ಷದವನಿದ್ದಾಗ ದೇವರು ಕಿಟಕಿಗೆ ತಲೆ ಒತ್ತಿ ಒಳಗೆ ನೋಡಿದನಂತೆ, ಮಗು ಕಿರುಚಿಕೊಂಡಿತಂತೆ. ಎಂಟೋ ಹತ್ತೋ ವರ್ಷಕ್ಕೆ ಪೆಕಮ್ ರೈ ಎಂಬ ಬಯಲಿನಲ್ಲಿ ಒಂದು ಮರದ ಕೊಂಬೆಕೊಂಬೆಯಲ್ಲೂ ದೇವದೂತರು ಕೂತಿದ್ದನ್ನು ಕಂಡ. ಮನೆಗೆ ಬಂದು ಹೇಳಿದಾಗ ಸುಳ್ಳು ಹೇಳ್ತೀಯಾ ಎಂದು ಅಪ್ಪ ಹೊಡೆಯಲು ಹೋದ. ಅಮ್ಮ ಅಡ್ಡ ಬಂದಳು. ಎಲ್ಲ ಊರಲ್ಲೂ ಅಮ್ಮಂದಿರು ಒಂದೇ ಥರ, ಅಲ್ವಾ?

ಹತ್ತನೇ ವಯಸ್ಸಿಗೆ ಚಿತ್ರ ಕಲಿಸುವ ಶಾಲೆ. ಹದಿನಾಲ್ಕಕ್ಕೆ, 1772 ರಲ್ಲಿ, ಜೇಮ್ಸ್ ಬಸೈರ್ ಎಂಬ ಕೆತ್ತನೆಗಾರನ ಬಳಿ ಏಳು ವರ್ಷದ ಶಿಷ್ಯವೃತ್ತಿ. ಬಸೈರ್ ಹಳೆಯ ಕಾಲದ ಮನುಷ್ಯ. ಮೃದುವಾದ ನೆರಳು, ಮಬ್ಬು ಅಂಚು ಫ್ಯಾಷನ್ ಆಗಿದ್ದ ಕಾಲದಲ್ಲಿ ಗಟ್ಟಿ ಗೆರೆಯನ್ನು ನಂಬಿದವನು. ಬ್ಲೇಕ್ ಆ ಪಾಠವನ್ನು ಕೊನೆತನಕ ಬಿಡಲಿಲ್ಲ. ಅವನ ಯಾವ ಚಿತ್ರವನ್ನೇ ನೋಡಿ, ಮೊದಲು ಕಾಣುವುದು ಗೆರೆ. ಬಣ್ಣ ಆಮೇಲೆ.

ಗುರು ಈ ಹುಡುಗನನ್ನು ಲಂಡನ್ನಿನ ಹಳೆಯ ದೊಡ್ಡ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಕಳಿಸಿದ. ರಾಜರಾಣಿಯರ ಸಮಾಧಿಗಳ ಮೇಲಿನ ಕಲ್ಲಿನ ಪ್ರತಿಮೆಗಳ ಚಿತ್ರ ಬರೆದುಕೊಂಡು ಬರುವ ಕೆಲಸ. ದಿನಗಟ್ಟಲೆ ಅದೇ. ಮಲಗಿರುವ ಉದ್ದುದ್ದ ಆಕೃತಿಗಳು, ಮೈಗಂಟಿದ ನೆರಿಗೆಗಳು, ಕಮಾನುಗಳು. ಅವನ ಮುಂದಿನ ಚಿತ್ರಗಳ ದೇವದೂತರನ್ನೂ ದೈತ್ಯರನ್ನೂ ನೋಡಿದಾಗ ಅಬ್ಬೆಯ ಆ ಕಲ್ಲಿನ ಮೈಗಳೇ ಎದ್ದು ಬಂದಂತಿವೆ. ಆಮೇಲೆ 1779 ರಲ್ಲಿ ರಾಯಲ್ ಅಕಾಡೆಮಿಯ ಕಲಾಶಾಲೆಗೂ ಸೇರಿದ. ಅಲ್ಲಿನ ಅಧ್ಯಕ್ಷ ಸರ್ ಜೋಶುವಾ ರೆನಾಲ್ಡ್ಸ್ ಅವನಿಗೆ ಆಗಿಬರಲಿಲ್ಲ. ರೆನಾಲ್ಡ್ಸ್‌ನ ಉಪನ್ಯಾಸಗಳ ಪುಸ್ತಕದ ಅಂಚಿನಲ್ಲಿ, ಕಲೆಯನ್ನು ತುಳಿಯಲೆಂದೇ ಈ ಮನುಷ್ಯನನ್ನು ಕೂಲಿಗೆ ಇಟ್ಟುಕೊಂಡಿದ್ದಾರೆ ಎಂದು ಬರೆದಿದ್ದಾನೆ. ಪುಸ್ತಕದ ಅಂಚಿನಲ್ಲಿ ಜಗಳ ಆಡುವುದರಲ್ಲಿ ಬ್ಲೇಕ್‌ಗೆ ಸಮನಾದವರು ಕಡಿಮೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಆ ಕಾಲದಲ್ಲಿ ಚಿತ್ರವಿರುವ ಪುಸ್ತಕ ಮಾಡುವುದು ಎರಡು ಅಂಗಡಿಗಳ ಕೆಲಸ. ಅಕ್ಷರಗಳನ್ನು ಮೊಳೆ ಜೋಡಿಸಿ ಒಂದು ಕಡೆ ಅಚ್ಚು ಹಾಕುತ್ತಿದ್ದರು. ಚಿತ್ರವನ್ನು ತಾಮ್ರದಲ್ಲಿ ಕೆತ್ತಿ ಇನ್ನೊಂದು ಕಡೆ ಬೇರೆ ಪ್ರೆಸ್ಸಿನಲ್ಲಿ ಒತ್ತುತ್ತಿದ್ದರು. ಮಾಮೂಲಿ ಕೆತ್ತನೆಯಲ್ಲಿ ಗೆರೆ ತಗಡಿನೊಳಗೆ ತಗ್ಗಾಗಿ ಇರುತ್ತದೆ. ಆ ತಗ್ಗಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಕಾಗದವನ್ನು ಜೋರಾಗಿ ಒತ್ತಬೇಕು. ಪ್ರಕಾಶಕ, ಮುದ್ರಕ, ಕೆತ್ತನೆಗಾರ, ಹೀಗೆ ನಾಲ್ಕಾರು ಕೈ ದಾಟಿ ಕವಿಯ ಮಾತು ಓದುಗನಿಗೆ ತಲುಪಬೇಕು.

1787 ರಲ್ಲಿ ಬ್ಲೇಕ್‌ನ ಪ್ರೀತಿಯ ತಮ್ಮ ರಾಬರ್ಟ್ ತೀರಿಕೊಂಡ. ಅಣ್ಣನೇ ಹಗಲೂರಾತ್ರಿ ಆರೈಕೆ ಮಾಡಿದ್ದ. ಪ್ರಾಣ ಹೋಗುವ ಹೊತ್ತಿನಲ್ಲಿ ತಮ್ಮನ ಆತ್ಮ ಖುಷಿಯಿಂದ ಚಪ್ಪಾಳೆ ತಟ್ಟುತ್ತಾ ಚಾವಣಿ ದಾಟಿ ಮೇಲೆ ಹೋದದ್ದನ್ನು ಕಂಡೆ ಎಂದ. ಸ್ವಲ್ಪ ಕಾಲದ ನಂತರ ಅದೇ ರಾಬರ್ಟ್ ಕನಸಿನಂಥ ದರ್ಶನದಲ್ಲಿ ಬಂದು ಹೊಸ ಅಚ್ಚಿನ ವಿಧಾನ ಹೇಳಿಕೊಟ್ಟನಂತೆ. ಇದನ್ನು ನೀವು ನಂಬಿ, ಬಿಡಿ. ನನಗೆ ಇಷ್ಟವಾಗುವುದು ಬೇರೆ. ಸತ್ತ ತಮ್ಮ ಬಂದು ಹೇಳಿದ್ದು ಸ್ವರ್ಗದ ಸುದ್ದಿ ಏನೂ ಅಲ್ಲ, ತಗಡಿಗೆ ಆಸಿಡ್ ಹಾಕುವ ಕ್ರಮ!

ಆ ಕ್ರಮ ಹೀಗೆ. ತಾಮ್ರದ ತಗಡಿನ ಮೇಲೆ ಆಸಿಡ್ ತಾಗದಂಥ ವಾರ್ನಿಷ್‌ನಿಂದ ನೇರವಾಗಿ ಬರೆಯುವುದು. ಅಕ್ಷರವೂ ಅದರಲ್ಲೇ, ಚಿತ್ರವೂ ಅದರಲ್ಲೇ. ಬ್ರಷ್ಷು, ಲೇಖನಿ ಎರಡೂ ಬಳಸಬಹುದು. ಆಮೇಲೆ ತಗಡಿನ ಮೇಲೆ ಆಸಿಡ್ ಹೊಯ್ಯುವುದು. ವಾರ್ನಿಷ್ ಇಲ್ಲದ ಕಡೆ ತಾಮ್ರವನ್ನು ಆಸಿಡ್ ತಿನ್ನುತ್ತದೆ. ಬರೆದದ್ದು ಮಾತ್ರ ಮೇಲೆ ಉಬ್ಬಿ ನಿಲ್ಲುತ್ತದೆ, ನಮ್ಮ ರಬ್ಬರ್ ಸ್ಟ್ಯಾಂಪಿನ ಹಾಗೆ. ಅದಕ್ಕೆ ಶಾಯಿ ಹಚ್ಚಿ, ಒದ್ದೆ ಮಾಡಿದ ಕಾಗದ ಇಟ್ಟು, ರೋಲರ್ ಪ್ರೆಸ್ಸಿನಲ್ಲಿ ಎಳೆದರೆ ಹಾಳೆ ಸಿದ್ಧ. ಮೇಲೆ ಜಲವರ್ಣದಲ್ಲಿ ಕೈಯಿಂದ ಬಣ್ಣ. ಒಂದೇ ತೊಡಕು: ಅಚ್ಚಿನಲ್ಲಿ ಎಲ್ಲ ತಿರುಗುಮುರುಗಾಗುತ್ತದೆ. ಹಾಗಾಗಿ ಬ್ಲೇಕ್ ತನ್ನ ಪದ್ಯಗಳನ್ನೆಲ್ಲ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವಂತೆ ಬರೆಯಬೇಕಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಹಾಗೇ ಬರೆದ. ನೂರು ತಗಡುಗಳ 'ಜೆರುಸಲೆಮ್' ಅನ್ನೂ ಹಾಗೇ ಬರೆದ.

ತಗಡುಗಳು ದೊಡ್ಡವು ಎಂದುಕೊಳ್ಳಬೇಡಿ. ಪರದೆಯ ಮೇಲೆ ಗೋಡೆಯಷ್ಟು ಕಾಣುವ ಈ ಹುಲಿಯ ಹಾಳೆ ನಿಜಕ್ಕೂ ಅಂಗೈ ಅಗಲದ್ದು. ಸುಮಾರು 11 ಸೆಂಟಿಮೀಟರ್ ಎತ್ತರ, 6 ಚಿಲ್ಲರೆ ಅಗಲ. ಅಷ್ಟರಲ್ಲಿ ಆರು ಚರಣ, ಒಂದು ಮರ, ಒಂದು ಹುಲಿ.

ಈ ವಿಧಾನದಿಂದ ಅವನಿಗೆ ಸಿಕ್ಕಿದ್ದು ಸ್ವಾತಂತ್ರ್ಯ. ಪ್ರಕಾಶಕನ ಹಂಗಿಲ್ಲ. ಮೊಳೆ ಜೋಡಿಸುವವನ ಹಂಗಿಲ್ಲ. 1793 ರ ಅಕ್ಟೋಬರಿನಲ್ಲಿ ಒಂದು ಜಾಹೀರಾತು ಹಾಳೆ ಹೊರಡಿಸಿ, ಮಿಲ್ಟನ್ ಮತ್ತು ಶೇಕ್ಸ್‌ಪಿಯರ್‌ಗೂ ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಲು ಆಗಲಿಲ್ಲ, ಆ ಕಷ್ಟವನ್ನು ನಾನು ಪರಿಹರಿಸಿದ್ದೇನೆ ಎಂದು ಹೇಳಿಕೊಂಡ. 'ಸಾಂಗ್ಸ್ ಆಫ್ ಇನ್ನೊಸೆನ್ಸ್' ಬೆಲೆ 5 ಶಿಲ್ಲಿಂಗ್. ಆದರೆ ಒಂದೊಂದು ಪ್ರತಿಗೂ ಗಂಡ ಹೆಂಡತಿ ಕೂತು ಬಣ್ಣ ಹಚ್ಚಬೇಕು. ಎಷ್ಟು ಪ್ರತಿ ಆದೀತು? ಅವನು ಬದುಕಿದ್ದಾಗ ಅವನ ಅತಿ ಪ್ರಸಿದ್ಧ ಪುಸ್ತಕವನ್ನು ಕಣ್ಣಲ್ಲಿ ಕಂಡವರೇ ಬೆರಳೆಣಿಕೆಯ ಜನ. ಯಾರ ಹಂಗೂ ಬೇಡ ಎಂದವನಿಗೆ ಓದುಗರೂ ಸಿಗಲಿಲ್ಲ.

ಇನ್ನೊಂದು ಮಾತು. ಈ ಕೆಲಸ ಅವನ ಕಾವ್ಯದ ಒಳಗೇ ಬಂದು ಕೂತಿದೆ. 'ದಿ ಮ್ಯಾರೇಜ್ ಆಫ್ ಹೆವನ್ ಅಂಡ್ ಹೆಲ್' ಎಂಬ ಅವನ ತುಂಟ ಪುಸ್ತಕವಿದೆ. ಅದರಲ್ಲಿ ನರಕದಲ್ಲಿ ಒಂದು ಅಚ್ಚುಕೂಟ ಬರುತ್ತದೆ. ಡ್ರ್ಯಾಗನ್‌ಗಳು ಗುಹೆ ಕೊರೆಯುತ್ತವೆ, ಸಿಂಹಗಳು ಲೋಹ ಕರಗಿಸುತ್ತವೆ, ಕೊನೆಗೆ ಅದೆಲ್ಲ ಪುಸ್ತಕಗಳಾಗಿ ಕಪಾಟು ಸೇರುತ್ತದೆ. ಅಲ್ಲೇ ಹೇಳುತ್ತಾನೆ: ನಾನು ನರಕದ ವಿಧಾನದಲ್ಲಿ, ತಿನ್ನುವ ಆಸಿಡ್‌ನಿಂದ ಅಚ್ಚು ಹಾಕುತ್ತೇನೆ, ತೋರಿಕೆಯ ಮೇಲ್ಪದರವನ್ನು ಕರಗಿಸಿ ಒಳಗೆ ಅಡಗಿದ್ದ ಅನಂತವನ್ನು ತೋರಿಸುತ್ತೇನೆ ಎಂದು. ಅನಂತ ಎಂಬುದನ್ನು ಎಲ್ಲ ಅನುಭಾವಿಗಳೂ ಹೇಳುತ್ತಾರೆ. ಆಸಿಡ್ ಹಾಕಿ ಅದನ್ನು ಹೊರಗೆ ತೆಗೆಯುತ್ತೇನೆ ಎಂದವನು ಇವನೊಬ್ಬನೇ ಇರಬೇಕು. ಹುಲಿಯ ಪದ್ಯದ ಸುತ್ತಿಗೆ, ಕುಲುಮೆ, ಅಡಿಗಲ್ಲು ಎಲ್ಲಿಂದ ಬಂದವು ಎಂಬುದೂ ಈಗ ತಿಳಿಯುತ್ತದೆ. ಅವನ ಸ್ವಂತ ಪುರಾಣದಲ್ಲಿ ಕಲ್ಪನಾಶಕ್ತಿಗೆ ಲಾಸ್ ಎಂದು ಹೆಸರು. ಆ ಲಾಸ್ ಒಬ್ಬ ಕಮ್ಮಾರ.

ಈಗ ಹಾಡುಗಳಿಗೆ ಬರೋಣ. 1789 ರಲ್ಲಿ 'ಸಾಂಗ್ಸ್ ಆಫ್ ಇನ್ನೊಸೆನ್ಸ್', ಅಂದರೆ ಮುಗ್ಧತೆಯ ಹಾಡುಗಳು. ಐದು ವರ್ಷದ ನಂತರ 'ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್', ಅನುಭವದ ಹಾಡುಗಳು. ಎರಡನ್ನೂ ಸೇರಿಸಿ, ಮನುಷ್ಯನ ಆತ್ಮದ ಎರಡು ಎದುರುಬದುರು ಸ್ಥಿತಿಗಳನ್ನು ತೋರಿಸುವ ಪುಸ್ತಕ ಎಂದು ಹೆಸರಿಟ್ಟ. ಮೊದಲಿನದರಲ್ಲಿ ಕುರಿಮರಿ, ಎರಡನೆಯದರಲ್ಲಿ ಹುಲಿ. ಮೊದಲಿನದು ಮಕ್ಕಳಿಗೆ, ಎರಡನೆಯದು ದೊಡ್ಡವರಿಗೆ ಎಂದು ಸುಮ್ನೆ ವಿಂಗಡಿಸಿಬಿಡುತ್ತಾರೆ. ಅಷ್ಟು ಸುಲಭ ಇಲ್ಲ.

ಚಿಮಣಿ ಗುಡಿಸುವ ಹುಡುಗರ ಪದ್ಯಗಳನ್ನೇ ತೆಗೆದುಕೊಳ್ಳಿ. ಲಂಡನ್ ಮನೆಗಳ ಹೊಗೆಕೊಳವೆ ತುಂಬಾ ಇಕ್ಕಟ್ಟು. ಅದರೊಳಗೆ ಹತ್ತಿ ಮಸಿ ಗುಡಿಸಲು ಚಿಕ್ಕ ಮಕ್ಕಳೇ ಬೇಕು. ನಾಲ್ಕೈದು ವರ್ಷದ ಮಕ್ಕಳನ್ನು ಬಡವರು ಮಾರಿಬಿಡುತ್ತಿದ್ದರು. 1788 ರಲ್ಲಿ ಎಂಟು ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎಂದು ಕಾನೂನು ಬಂತು. ಯಾರೂ ಕೇಳಲಿಲ್ಲ. ಮುಂದಿನ ವರ್ಷ ಬ್ಲೇಕ್‌ನ ಪದ್ಯ. ಅಮ್ಮ ಸತ್ತಳು, ಮಾತು ನೆಟ್ಟಗೆ ಬರುವ ಮೊದಲೇ ಅಪ್ಪ ನನ್ನನ್ನು ಮಾರಿದ, ನಿಮ್ಮ ಚಿಮಣಿ ಗುಡಿಸುತ್ತೇನೆ, ಮಸಿಯಲ್ಲೇ ಮಲಗುತ್ತೇನೆ ಎಂದು ಹುಡುಗ ಹೇಳುತ್ತಾನೆ. ನಿಮ್ಮ ಚಿಮಣಿ ಎಂಬ ಮಾತನ್ನು ಗಮನಿಸಿ. ಓದುತ್ತಾ ಬೆಚ್ಚಗೆ ಕೂತವನ ಮನೆಯ ಚಿಮಣಿಯೇ ಅದು. ಟಾಮ್ ಎಂಬ ಇನ್ನೊಬ್ಬ ಹುಡುಗನಿಗೆ ಕನಸು. ಸಾವಿರಾರು ಹುಡುಗರು ಕಪ್ಪು ಶವಪೆಟ್ಟಿಗೆಗಳಲ್ಲಿ ಬಂದಿಗಳು. ದೇವದೂತ ಹೊಳೆಯುವ ಬೀಗದಕೈ ತಂದು ಎಲ್ಲರನ್ನೂ ಬಿಡಿಸುತ್ತಾನೆ. ಹುಡುಗರು ಹೊಳೆಯಲ್ಲಿ ಮಿಂದು ಬಿಸಿಲಲ್ಲಿ ಕುಣಿಯುತ್ತಾರೆ. ಬೆಳಗಾದ ಮೇಲೆ ಮತ್ತೆ ಕತ್ತಲಲ್ಲೇ ಎದ್ದು ಕೆಲಸಕ್ಕೆ. ಎಲ್ಲರೂ ತಮ್ಮ ಕರ್ತವ್ಯ ಮಾಡಿದರೆ ಯಾವ ಹೆದರಿಕೆಯೂ ಇಲ್ಲ ಎಂದು ಪದ್ಯ ಮುಗಿಯುತ್ತದೆ.

ಈ ಕೊನೆಯ ಸಾಲನ್ನು ಓದಿ ನಿಮಗೆ ಸಮಾಧಾನ ಆಯಿತಾ, ಹೊಟ್ಟೆ ಉರಿಯಿತಾ? ಆ ಮಗುವಿಗೆ ಯಾರೋ ಹೇಳಿಕೊಟ್ಟ ಪಾಠ ಅದು. ಮಗು ನಂಬಿದೆ. ನಂಬಿದ್ದರಿಂದಲೇ ಚಳಿಯಲ್ಲೂ ಬೆಚ್ಚಗಿದೆ. ಈಗ ಹಾಳೆ ನೋಡಿ. ಬಿಡುಗಡೆಯ ಚಿತ್ರವನ್ನು ಬ್ಲೇಕ್ ಪುಟದ ತೀರ ಕೆಳಗೆ, ಚೂರೇಚೂರು ಜಾಗದಲ್ಲಿ ಇಟ್ಟಿದ್ದಾನೆ. ಮೇಲಿನ ಅಕ್ಷರಗಳ ಭಾರವೆಲ್ಲ ಆ ಪುಟ್ಟ ಹುಡುಗರ ತಲೆ ಮೇಲೆ. ಅನುಭವದ ಹಾಡುಗಳಲ್ಲಿ ಅದೇ ಹುಡುಗ ಹಿಮದಲ್ಲಿ ಒಂದು ಕಪ್ಪು ಚುಕ್ಕಿ. ಅಪ್ಪ ಅಮ್ಮ ಎಲ್ಲಿ ಎಂದರೆ, ಚರ್ಚಿಗೆ ಹೋಗಿದ್ದಾರೆ, ನಮ್ಮ ಸಂಕಟದಿಂದ ಸ್ವರ್ಗ ಕಟ್ಟುವ ದೇವರನ್ನೂ ಪಾದ್ರಿಯನ್ನೂ ರಾಜನನ್ನೂ ಹೊಗಳಲು ಎನ್ನುತ್ತಾನೆ. ಇಲ್ಲಿ ಕನಸಿಲ್ಲ. ಎರಡನೆಯ ಪದ್ಯ ಸಿಟ್ಟಿನದು, ಸರಿ. ಆದರೆ ನನ್ನನ್ನು ಜಾಸ್ತಿ ಕಾಡುವುದು ಮೊದಲನೆಯದೇ.

'ಲಂಡನ್' ಎಂಬ ಪದ್ಯ ಹದಿನಾರೇ ಸಾಲು. ಕವಿ ಬೀದಿಯಲ್ಲಿ ನಡೆಯುತ್ತಾನೆ, ಅಷ್ಟೇ. ಪ್ರತಿ ಮುಖದಲ್ಲೂ ದಣಿವಿನ ಗುರುತು. ಪ್ರತಿ ಕೂಗಿನಲ್ಲೂ ಮನಸ್ಸೇ ಬೆಸೆದುಕೊಂಡ ಸಂಕೋಲೆಯ ಸದ್ದು. ಸಿಪಾಯಿಯ ನಿಟ್ಟುಸಿರು ರಕ್ತವಾಗಿ ಅರಮನೆಯ ಗೋಡೆಯ ಮೇಲೆ ಇಳಿಯುತ್ತದೆ. ಶಬ್ದ ಕಣ್ಣಿಗೆ ಕಾಣುತ್ತಿದೆ, ಗಮನಿಸಿದಿರಾ? ದರ್ಶನ ಎಂದರೆ ಬ್ಲೇಕ್‌ನಲ್ಲಿ ಇದು. ಮೋಡದಾಚೆಗಿನದನ್ನು ನೋಡುವುದಕ್ಕಿಂತ ಎದುರಿಗಿರುವ ಬೀದಿಯನ್ನು ಪೂರ್ತಿ ನೋಡುವುದು. ಹಾಳೆಯ ಮೇಲ್ಭಾಗದಲ್ಲಿ ಊರುಗೋಲಿನ ಮುದುಕನನ್ನು ಒಂದು ಮಗು ಕರೆದುಕೊಂಡು ಹೋಗುತ್ತಿದೆ. ಪದ್ಯದಲ್ಲಿ ಆ ಮುದುಕನೂ ಇಲ್ಲ, ಅವನ ಕೈಹಿಡಿದ ಮಗುವೂ ಇಲ್ಲ. ಪದ್ಯ ಕೊಡದ ಒಂದಿಷ್ಟು ಕರುಣೆಯನ್ನು ಚಿತ್ರ ಕೊಡುತ್ತಿದೆ ಅನ್ನಿಸುತ್ತದೆ.

ಇಲ್ಲಿ ಒಂದು ಅಡ್ಡಮಾತು. ಬ್ಲೇಕ್‌ನ ಹುಲಿಗೂ ನಮ್ಮ ಟಿಪ್ಪುವಿನ ಹುಲಿಗೂ ಸಂಬಂಧ ಇದೆಯಾ ಎಂದು ಕರ್ನಾಟಕದಲ್ಲಿ ಬ್ಲೇಕ್ ಬಗ್ಗೆ ಮಾತಾಡಿದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಳಿಯನ ಮೇಲೆ ಎರಗಿದ ಆ ಮರದ ಹುಲಿಯನ್ನು ಬ್ರಿಟಿಷರು ಶ್ರೀರಂಗಪಟ್ಟಣದಿಂದ ಹೊತ್ತೊಯ್ದದ್ದು 1799 ರ ನಂತರ. ಲಂಡನ್ನಿನ ಜನ ಅದನ್ನು ನೋಡಲು ಮುಗಿಬಿದ್ದದ್ದು ಇನ್ನೂ ತಡವಾಗಿ. ಬ್ಲೇಕ್‌ನ ಪದ್ಯ 1794 ಕ್ಕೇ ಅಚ್ಚಾಗಿತ್ತು. ಹಾಗಾಗಿ ಸಂಬಂಧ ಇಲ್ಲ. ಲಂಡನ್ ಟವರಿನಲ್ಲಿ ಆಗ ಕಾಡುಪ್ರಾಣಿಗಳನ್ನು ಸಾಕಿದ್ದರು, ಅಲ್ಲಿ ಹುಲಿ ನೋಡಿರಬಹುದು.

ಭಾರತದ ಜೊತೆಗಿನ ನಿಜವಾದ ನಂಟು ಬೇರೆ ಕಡೆ ಇದೆ. ಚಾರ್ಲ್ಸ್ ವಿಲ್ಕಿನ್ಸ್ ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದದ್ದು 1785 ರಲ್ಲಿ. ಬ್ಲೇಕ್‌ಗೆ ಅದು ಗೊತ್ತಿತ್ತು. ವಿಲ್ಕಿನ್ಸ್ ಗೀತೆಯನ್ನು ಅನುವಾದ ಮಾಡುತ್ತಿರುವ ದೃಶ್ಯವನ್ನು ಕಲ್ಪಿಸಿಕೊಂಡು 'ದಿ ಬ್ರಾಮಿನ್ಸ್' ಎಂಬ ಚಿತ್ರ ಬರೆದ. 1809 ರಲ್ಲಿ ತನ್ನ ಪ್ರದರ್ಶನದಲ್ಲಿ ಇಟ್ಟ. ಉಡುಗೆ ತಪ್ಪಾಗಿದೆ ಎಂದು ಕೇಳಿದ್ದೇನೆ, ಆದರೆ ಹಿಂದಿನವರೂ ಹಾಗೆ ಮಾಡುತ್ತಿದ್ದರು ಎಂದು ಕ್ಯಾಟಲಾಗಿನಲ್ಲಿ ತಾನೇ ಸಮಜಾಯಿಷಿ ಕೊಟ್ಟಿದ್ದಾನೆ. ಚಿತ್ರ ಕಳೆದುಹೋಗಿದೆ. ಪಂಚೆಯನ್ನು ಏನು ಮಾಡಿದ್ದನೋ ನೋಡುವ ಆಸೆ ನನಗೆ.

ಮುಂದಿನ ಚಿತ್ರ. ಬಿಳಿ ಗಡ್ಡದ ಮುದುಕ, ಸೂರ್ಯನಂಥ ಬೆಳಕಿನ ವೃತ್ತದಿಂದ ಕೆಳಗೆ ಬಾಗಿ, ಕತ್ತಲಿಗೆ ಕೈವಾರ ಇಳಿಬಿಟ್ಟಿದ್ದಾನೆ. 'ದಿ ಏನ್ಷಂಟ್ ಆಫ್ ಡೇಸ್', 1794. ಗಾಳಿ ಅವನ ಗಡ್ಡವನ್ನು ಪಕ್ಕಕ್ಕೆ ಹಾರಿಸಿದೆ. ಎಷ್ಟೋ ಪುಸ್ತಕಗಳ ಮುಖಪುಟದಲ್ಲಿ ಇದನ್ನು ಸೃಷ್ಟಿಕರ್ತ ದೇವರು ಎಂದು ಹಾಕುತ್ತಾರೆ. ನೋಡಿದರೆ ಭಕ್ತಿ ಬರುವಂತೆಯೇ ಇದೆ. ಆದರೆ ಬ್ಲೇಕ್‌ನ ಪುರಾಣದಲ್ಲಿ ಇವನು ಯುರಿಜೆನ್. ಎಲ್ಲವನ್ನೂ ಅಳೆಯುವವನು, ಗೆರೆ ಹಾಕಿ ಬೇಲಿ ಕಟ್ಟುವವನು, ಕಾನೂನಿನ ಪುಸ್ತಕ ಬರೆಯುವವನು. ಅವನ ಕಣ್ಣಲ್ಲಿ ಅನಂತ ಅಂದರೆ ಅಳತೆಗೆ ಸಿಗಬೇಕಾದ ಜಾಗ.

ಪಕ್ಕದಲ್ಲಿ 'ನ್ಯೂಟನ್' ಇಡುತ್ತೇನೆ, 1795 ರದು. ಬೆತ್ತಲೆ ಯುವಕ, ಕಲ್ಲಿನ ಮೇಲೆ ಬಾಗಿ ಕೂತು ಕೈವಾರದಿಂದ ಸುರುಳಿಯ ಮೇಲೆ ಗೆರೆ ಎಳೆಯುತ್ತಿದ್ದಾನೆ. ಮೈಕಟ್ಟು ಎಷ್ಟು ಸುಂದರ ನೋಡಿ. ಬೆನ್ನ ಹಿಂದೆ ಬಣ್ಣಬಣ್ಣದ ಪಾಚಿ ಹಿಡಿದ ಬಂಡೆ. ಅದನ್ನು ಅವನು ತಿರುಗಿಯೂ ನೋಡುತ್ತಿಲ್ಲ. ಒಂದೇ ಕಣ್ಣಿನ ನೋಟದಿಂದ, ನ್ಯೂಟನ್ನನ ನಿದ್ದೆಯಿಂದ ದೇವರು ನಮ್ಮನ್ನು ಕಾಪಾಡಲಿ ಎಂದು 1802 ರ ಒಂದು ಕಾಗದದಲ್ಲಿ ಬ್ಲೇಕ್ ಬರೆದ. ತಮಾಷೆ ಅಂದರೆ ಇದೇ ಚಿತ್ರವನ್ನು ಆಧರಿಸಿ ಶಿಲ್ಪಿ ಪಾವೊಲೊಟ್ಸಿ ಮಾಡಿದ ದೊಡ್ಡ ಕಂಚಿನ ಪ್ರತಿಮೆ ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಅಂಗಳದಲ್ಲಿ ಜ್ಞಾನದ ಗುರುತಾಗಿ ಕೂತಿದೆ.

ಬ್ಲೇಕ್‌ಗೆ ವಿಜ್ಞಾನ ಕಂಡರೆ ಆಗುತ್ತಿರಲಿಲ್ಲವಾ ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು, ಅದರಲ್ಲಿ ಅನ್ಯಾಯವೂ ಇದೆ. ನ್ಯೂಟನ್ ಅಷ್ಟು ಒಣ ಮನುಷ್ಯ ಆಗಿರಲಿಲ್ಲ. ಆದರೆ ಬ್ಲೇಕ್‌ನ ಜಗಳ ಅಳತೆಯ ಜೊತೆಗಲ್ಲ, ಅಳತೆ ಮಾತ್ರ ಸತ್ಯ ಎನ್ನುವ ಹಠದ ಜೊತೆ. ಟ್ರಸ್ಲರ್ ಎಂಬ ಪಾದ್ರಿ ಒಂದು ಚಿತ್ರ ಮಾಡಿಸಿ, ಇದು ಈ ಲೋಕದ್ದಲ್ಲ ಎಂದು ಬೇಡವೆಂದಾಗ, 1799 ರಲ್ಲಿ ಬ್ಲೇಕ್ ಉತ್ತರ ಬರೆದ. ನಾನು ಬರೆಯುವುದೆಲ್ಲ ಈ ಲೋಕದಲ್ಲೇ ಕಾಣುತ್ತದೆ, ಆದರೆ ಎಲ್ಲರೂ ಒಂದೇ ಥರ ನೋಡುವುದಿಲ್ಲ. ಕೆಲವರನ್ನು ಸಂತೋಷದ ಕಣ್ಣೀರಿಗೆ ತರುವ ಮರ ಇನ್ನು ಕೆಲವರಿಗೆ ದಾರಿಗೆ ಅಡ್ಡ ನಿಂತ ಹಸಿರು ವಸ್ತು ಅಷ್ಟೇ. ಬೆಂಗಳೂರಿನಲ್ಲಿ ರಸ್ತೆ ಅಗಲ ಮಾಡುವಾಗ ಈ ಮಾತು ನೆನಪಾಗದೆ ಇರುವುದಿಲ್ಲ.

ಅವನ ದೊಡ್ಡ ಪುರಾಣ ಕಾವ್ಯಗಳ ಬಗ್ಗೆ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. 'ಮಿಲ್ಟನ್', 'ಜೆರುಸಲೆಮ್' ಕಷ್ಟ. ಹೆಸರುಗಳೇ ನೂರಾರು. ಒಬ್ಬನೇ ನಾಲ್ಕಾಗಿ ಒಡೆಯುತ್ತಾನೆ, ಮತ್ತೆ ಕೂಡುತ್ತಾನೆ. ಲಂಡನ್ನಿನ ಬೀದಿಗಳ ಮೇಲೆ ಬೈಬಲ್ಲಿನ ಊರುಗಳು ಬಂದು ಕೂರುತ್ತವೆ. ನನ್ನದೊಂದು ವ್ಯವಸ್ಥೆಯನ್ನು ನಾನೇ ಕಟ್ಟಬೇಕು, ಇಲ್ಲದಿದ್ದರೆ ಇನ್ನೊಬ್ಬನ ವ್ಯವಸ್ಥೆಗೆ ಗುಲಾಮನಾಗುತ್ತೇನೆ ಎಂದು ಕಮ್ಮಾರ ಲಾಸ್ ಹೇಳುತ್ತಾನೆ. ಮಾತು ಭವ್ಯವಾಗಿದೆ. ಆದರೆ ಆ ವ್ಯವಸ್ಥೆಯೊಳಗೆ ಓದುಗನಿಗೆ ಉಸಿರಾಡಲು ಜಾಗ ಬಿಟ್ಟಿದ್ದರೆ ಒಳ್ಳೆಯದಿತ್ತು. ಪುಟ ಪುಟವಾಗಿ ಚಿತ್ರ ನೋಡುತ್ತಾ ಹೋದರೆ ಮಾತ್ರ ನನಗೆ ಅವು ದಕ್ಕಿವೆ, ಅದೂ ಸ್ವಲ್ಪ.

ಲಂಡನ್ ಬಿಟ್ಟು ಅವನು ಬದುಕಿದ್ದು ಮೂರೇ ವರ್ಷ, 1800 ರಿಂದ 1803, ಸಸೆಕ್ಸಿನ ಫೆಲ್ಪಮ್ ಎಂಬ ಕಡಲತೀರದ ಹಳ್ಳಿಯಲ್ಲಿ. ಅಲ್ಲಿ ಒಬ್ಬ ಸಿಪಾಯಿಯನ್ನು ತೋಟದಿಂದ ಮೊಳಕೈ ಹಿಡಿದು ಹೊರದಬ್ಬಿದ. ಫ್ರಾನ್ಸ್ ಜೊತೆ ಯುದ್ಧದ ಕಾಲ. ರಾಜನಿಗೆ ಧಿಕ್ಕಾರ ಹೇಳಿದ ಎಂದು ಸಿಪಾಯಿ ದೂರು ಕೊಟ್ಟ. ರಾಜದ್ರೋಹದ ಕೇಸು. 1804 ರ ಜನವರಿಯಲ್ಲಿ ಚಿಚೆಸ್ಟರಿನಲ್ಲಿ ಬಿಡುಗಡೆ ಆಯಿತು. ಆ ಸಿಪಾಯಿ ಸ್ಕೋಫೀಲ್ಡ್‌ನನ್ನು ಬ್ಲೇಕ್ ತನ್ನ ಪುರಾಣದಲ್ಲಿ ದುಷ್ಟಪಾತ್ರ ಮಾಡಿ ಸೇರಿಸಿದ. ಕವಿಗಳನ್ನು ಎದುರುಹಾಕಿಕೊಳ್ಳಬಾರದು.

ಆ ಕಾಲದಲ್ಲೇ ಶುರುವಾದ 'ಮಿಲ್ಟನ್' ಕಾವ್ಯದ ಮುನ್ನುಡಿಯಲ್ಲಿ ಹದಿನಾರು ಸಾಲಿನ ಒಂದು ಹಾಡಿದೆ. ಸೈತಾನನ ಈ ಕರಿ ಗಿರಣಿಗಳ ನಡುವೆ ಜೆರುಸಲೆಮ್ ಇತ್ತೇ ಎಂದು ಕೇಳಿ, ಇಂಗ್ಲೆಂಡಿನ ಹಸಿರು ನೆಲದಲ್ಲಿ ಅದನ್ನು ಕಟ್ಟುವ ತನಕ ನನ್ನ ಕತ್ತಿ ಮಲಗದು ಎನ್ನುವ ಹಾಡು. 'ಮಿಲ್ಟನ್' ಉಳಿದಿರುವುದು ನಾಲ್ಕೇ ಪ್ರತಿ. ಅದರಲ್ಲಿ ಈ ಮುನ್ನುಡಿ ಇರುವುದು ಎರಡರಲ್ಲಿ. ಉಳಿದೆರಡರಿಂದ ಅವನೇ ತೆಗೆದುಬಿಟ್ಟಿದ್ದ. 1916 ರಲ್ಲಿ ಹ್ಯೂಬರ್ಟ್ ಪ್ಯಾರಿ ಅದಕ್ಕೆ ರಾಗ ಹಾಕಿದರು. ಮತದಾನದ ಹಕ್ಕಿಗೆ ಹೋರಾಡಿದ ಹೆಂಗಸರು ಹಾಡಿದರು. ಇವತ್ತು ಇಂಗ್ಲೆಂಡಿನಲ್ಲಿ ಚರ್ಚು, ಕ್ರೀಡಾಂಗಣ, ಸಂಗೀತೋತ್ಸವ ಎಲ್ಲೆಲ್ಲೂ ಅದೇ. ರಾಜದ್ರೋಹದ ಆರೋಪಿ ಬರೆದದ್ದು ಹೆಚ್ಚುಕಡಿಮೆ ನಾಡಗೀತೆಯೇ ಆಗಿ ಕೂತಿದೆ.

1809 ರ ಪ್ರದರ್ಶನದ ಬಗ್ಗೆ ಹೇಳಿದೆನಲ್ಲ. ತಾನು ಹುಟ್ಟಿದ ಮನೆಯಲ್ಲೇ, ಅಣ್ಣನ ಅಂಗಡಿಯ ಮಹಡಿಯಲ್ಲಿ, 16 ಚಿತ್ರಗಳನ್ನು ಇಟ್ಟ. ಬಂದವರು ಕೆಲವೇ ಜನ. ಬಂದ ಒಂದೇ ವಿಮರ್ಶೆಯಲ್ಲಿ ರಾಬರ್ಟ್ ಹಂಟ್ ಎಂಬಾತ, ಇವನು ನತದೃಷ್ಟ ಹುಚ್ಚ, ಯಾರಿಗೂ ತೊಂದರೆ ಕೊಡದ ಸ್ವಭಾವ ಇರುವುದರಿಂದ ಕೂಡಿಹಾಕಿಲ್ಲ ಅಷ್ಟೇ ಎಂದು ಬರೆದ. ಬ್ಲೇಕ್ ಅದಾದ ಮೇಲೆ ಸುಮಾರು ಹತ್ತು ವರ್ಷ ಬೆಳಕಿಗೇ ಬರಲಿಲ್ಲ.

ಮೇಲೆತ್ತಿದವನು ಜಾನ್ ಲಿನೆಲ್ ಎಂಬ ಎಳೆಯ ಚಿತ್ರಕಾರ. 1818 ರಲ್ಲಿ ಪರಿಚಯ. ಕೆಲಸ ಕೊಟ್ಟ, ದುಡ್ಡು ಕೊಟ್ಟ, ಹೊಸ ಸ್ನೇಹಿತರನ್ನು ಕೊಟ್ಟ. ಅವರಲ್ಲಿ ಜ್ಯೋತಿಷ್ಯ ನಂಬುವ ಜಾನ್ ವಾರ್ಲಿ ಒಬ್ಬ. ರಾತ್ರಿ ಕೂತು, ಇಂಥವರನ್ನು ಕರೆಯಿರಿ ಎನ್ನುತ್ತಿದ್ದ. ಬ್ಲೇಕ್ ಶೂನ್ಯ ನೋಡುತ್ತಾ ಸತ್ತ ರಾಜರ, ಕವಿಗಳ ಮುಖ ಬಿಡಿಸುತ್ತಿದ್ದ. ಒಮ್ಮೆ ಒಂದು ಚಿಗಟದ ಭೂತ ಬಂತಂತೆ. ರಕ್ತದಾಹಿ ಮನುಷ್ಯರ ಆತ್ಮಗಳೇ ಚಿಗಟಗಳಾಗುತ್ತವೆ ಎಂದು ಅದೇ ಹೇಳಿತಂತೆ. ಆ ಚಿತ್ರ ಟೇಟ್ ಗ್ಯಾಲರಿಯಲ್ಲಿದೆ. ಸ್ನಾಯುಗಟ್ಟಿದ ದೈತ್ಯ, ನಾಲಿಗೆ ಹೊರಗೆ, ಕೈಯಲ್ಲಿ ರಕ್ತ ಹಿಡಿಯುವ ಬಟ್ಟಲು. ಬ್ಲೇಕ್ ಇಲ್ಲಿ ವಾರ್ಲಿಯನ್ನು ಸ್ವಲ್ಪ ಆಟ ಆಡಿಸುತ್ತಿದ್ದ ಎಂಬ ಗುಮಾನಿ ನನಗಿದೆ.

ಬೈಬಲ್ಲಿನಲ್ಲಿ ಕಷ್ಟಗಳ ಸರಮಾಲೆ ಅನುಭವಿಸುವ ಭಕ್ತ ಜೋಬ್‌ನ ಕಥೆಗೆ ಲಿನೆಲ್‌ಗಾಗಿ ಮಾಡಿದ ಕೆತ್ತನೆಗಳು 1826 ರಲ್ಲಿ ಹೊರಬಂದವು. ನನ್ನ ಪ್ರಕಾರ ಅವನ ಕೈಯ ಅತ್ಯುತ್ತಮ ಕೆಲಸ. ಮೊದಲ ಚಿತ್ರದಲ್ಲಿ ಜೋಬ್‌ನ ಕುಟುಂಬ ಮರದ ಕೆಳಗೆ ಪುಸ್ತಕ ತೆರೆದು ಪ್ರಾರ್ಥನೆ ಮಾಡುತ್ತಿದೆ. ವಾದ್ಯಗಳೆಲ್ಲ ಮರದ ಕೊಂಬೆಗೆ ತೂಗುಹಾಕಿವೆ, ಯಾರೂ ಮುಟ್ಟಿಲ್ಲ. ಕಷ್ಟಗಳೆಲ್ಲ ಕಳೆದ ಮೇಲೆ ಕೊನೆಯ ಚಿತ್ರ. ಅದೇ ಮರ, ಅದೇ ಜನ. ಪುಸ್ತಕ ಕೆಳಗಿಟ್ಟಿದ್ದಾರೆ. ಎದ್ದು ನಿಂತು ವಾದ್ಯ ನುಡಿಸುತ್ತಿದ್ದಾರೆ. ಬೈಬಲ್ಲಿನಲ್ಲಿ ಹೀಗೆಲ್ಲೂ ಬರೆದಿಲ್ಲ. ಅವನ ಧರ್ಮ ಏನೆಂದು ಕೇಳಿದವರಿಗೆ ನಾನು ಈ ಎರಡು ಚಿತ್ರ ತೋರಿಸುತ್ತೇನೆ.

ಕೊನೆಗೆ ಇಟಲಿಯ ಹಳೆಯ ಕವಿ ಡಾಂಟೆ. ಅರವತ್ತು ದಾಟಿದ ಮೇಲೆ ಇಟಾಲಿಯನ್ ಕಲಿತು, ಕಾಯಿಲೆಯಲ್ಲಿ ಹಾಸಿಗೆ ಮೇಲೆ ಕೂತು ಡಾಂಟೆಯ ಕಾವ್ಯಕ್ಕೆ ಬ್ಲೇಕ್ 102 ಚಿತ್ರ ಬಿಡಿಸಿದ. ಹಲವು ಅರ್ಧಕ್ಕೇ ನಿಂತಿವೆ. 1827 ರ ಆಗಸ್ಟ್ 12 ರಂದು, 69 ನೇ ವಯಸ್ಸಿನಲ್ಲಿ, ಸ್ಟ್ರ್ಯಾಂಡ್ ಬಳಿಯ ಫೌಂಟನ್ ಕೋರ್ಟಿನ ಎರಡು ಕೋಣೆಯ ಮನೆಯಲ್ಲಿ ಹಾಡು ಹೇಳುತ್ತಾ ತೀರಿಕೊಂಡ. ಕೊನೆಕೊನೆಯ ಶಿಲ್ಲಿಂಗ್‌ಗಳಲ್ಲಿ ಒಂದನ್ನು ಪೆನ್ಸಿಲ್ ತರಿಸಲು ಖರ್ಚು ಮಾಡಿದನಂತೆ. ಶವಸಂಸ್ಕಾರಕ್ಕೆ ಲಿನೆಲ್‌ನಿಂದ ಸಾಲ. ಬನ್‌ಹಿಲ್ ಫೀಲ್ಡ್ಸ್‌ನಲ್ಲಿ ಮಣ್ಣು ಮಾಡಿದ ಜಾಗದ ಮೇಲೆ ಹೆಸರಿನ ಕಲ್ಲು ಬಂದದ್ದು 2018 ರಲ್ಲಿ.

ಸಮಯ ಮೀರಿದೆ. ಇಬ್ಬರು ಪ್ರಶ್ನೆ ಬರೆದು ಕಳಿಸಿದ್ದಾರೆ, ಅವಕ್ಕೆ ಉತ್ತರಿಸಿ ಮುಗಿಸುತ್ತೇನೆ.

ಮೊದಲನೆಯದು, ಅವನ ಹೆಂಡತಿಯ ಬಗ್ಗೆ ಹೆಚ್ಚು ಹೇಳಲಿಲ್ಲ ಎಂಬ ಆಕ್ಷೇಪ. ಸರಿಯಾದ ಆಕ್ಷೇಪ. ಕ್ಯಾಥರೀನ್ ಬೌಚರ್ 1782 ರಲ್ಲಿ ಮದುವೆಯ ದಾಖಲೆಗೆ ಹೆಬ್ಬೆಟ್ಟಿನ ಬದಲು ಒಂದು ಗುಣಾಕಾರ ಚಿಹ್ನೆ ಹಾಕಿದವಳು. ಓದು ಬರಹ ಗಂಡನಿಂದಲೇ ಕಲಿತಳು. ಆಮೇಲೆ ಪ್ರೆಸ್ಸು ಎಳೆದಳು, ಹಾಳೆಗಳಿಗೆ ಬಣ್ಣ ತುಂಬಿದಳು, ಪುಸ್ತಕ ಹೊಲಿದಳು. ಮನೆಯಲ್ಲಿ ದುಡ್ಡು ಖಾಲಿಯಾದಾಗ ಮಾತಾಡದೆ ಗಂಡನ ಮುಂದೆ ಖಾಲಿ ತಟ್ಟೆ ಇಡುತ್ತಿದ್ದಳಂತೆ. ಆಗ ಅವನು ಬೈದುಕೊಂಡು ಕೆತ್ತನೆಯ ಕೂಲಿ ಕೆಲಸಕ್ಕೆ ಕೂರುತ್ತಿದ್ದ. ನನಗೆ ಇವರ ಸಹವಾಸ ಸಿಗುವುದೇ ಕಡಿಮೆ, ಯಾವಾಗಲೂ ಸ್ವರ್ಗದಲ್ಲಿರುತ್ತಾರೆ ಎಂಬುದು ಅವಳ ಮಾತು. ನಾವು ಬ್ಲೇಕ್‌ನ ಬಣ್ಣ ಎಂದು ಮೆಚ್ಚುವುದರಲ್ಲಿ ಅವಳ ಪಾಲೆಷ್ಟು ಎಂದು ಬೇರ್ಪಡಿಸಲು ಸುಲಭವಿಲ್ಲ. ಅವಳ ಹೆಸರು ಯಾವ ಮುಖಪುಟದಲ್ಲೂ ಇಲ್ಲ.

ಎರಡನೆಯದು, ಎಲ್ಲಿಂದ ಶುರು ಮಾಡಬೇಕು? ಗಿಲ್‌ಕ್ರಿಸ್ಟ್ ಬರೆದ ಜೀವನಚರಿತ್ರೆ 1863 ರಲ್ಲಿ ಬಂದ ಮೇಲೆ ಬ್ಲೇಕ್ ಮೇಲೆ ಗುಡ್ಡದಷ್ಟು ಪುಸ್ತಕಗಳಿವೆ. ಅದರ ತಂಟೆಗೆ ಈಗಲೇ ಹೋಗಬೇಡಿ. ಅಂತರ್ಜಾಲದಲ್ಲಿ ವಿಲಿಯಂ ಬ್ಲೇಕ್ ಆರ್ಕೈವ್ ಎಂದು ಇದೆ. 1996 ರಿಂದ ನಡೆಯುತ್ತಿದೆ, ಪೂರ್ತಿ ಉಚಿತ. ಬೇರೆ ಬೇರೆ ಗ್ರಂಥಾಲಯಗಳಲ್ಲಿರುವ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಅಲ್ಲಿ 'ಸಾಂಗ್ಸ್' ತೆರೆಯಿರಿ. ದಿನಕ್ಕೆ ಒಂದೇ ಹಾಳೆ. ಮೊದಲು ಚಿತ್ರ ನೋಡಿ, ಆಮೇಲೆ ಪದ್ಯ ಓದಿ, ಅದೇ ಹಾಳೆಯ ಇನ್ನೊಂದು ಪ್ರತಿಯಲ್ಲಿ ಬಣ್ಣ ಹೇಗೆ ಬದಲಾಗಿದೆ ನೋಡಿ. ಯುರಿಜೆನ್ ಸಹವಾಸ ಮುಂದಿನ ವರ್ಷ ಮಾಡಿದರಾಯಿತು.